ಮೇಷ್ಟರ ಮನೆಯಲ್ಲಿ ಸೋಪಿನ ಪುಡಿ

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಾನು ದಿನಾ ಕಾಲೇಜು ಮುಗಿಸಿಕೊಂಡು ರಾಜಾಜಿನಗರದಲ್ಲಿ ಮನೆಮನೆಗೆ ಹೋಗಿ ಸೋಪಿನ ಪುಡಿ ಮಾರುತ್ತಿದ್ದೆ. ಜನರ ಹತ್ತಿರ ಮಾತಾಡುವುದನ್ನು ಕಲಿತರೆ ಮುಂದೆ ಒಳ್ಳೆಯ ಕೆಲಸ ಸಿಗುತ್ತದೆ ಎಂದು ನಮ್ಮ ಕೆಮಿಸ್ಟ್ರಿ ಮೇಷ್ಟರು ಧೈರ್ಯ ಹೇಳಿದ್ದರು. ಒಂದು ಸಂಜೆ ಬಾಗಿಲು ತೆರೆದವರು ಅವರೇ. ನಾಚಿಕೆಯಾದರೂ ಪುಡಿಯ ಗುಣಗಾನವನ್ನೆಲ್ಲ ತಡವರಿಸದೆ ಒಪ್ಪಿಸಿದೆ.

"ಚೆನ್ನಾಗಿ ಮಾತಾಡ್ತೀಯ ಕಣೋ," ಎಂದರು.

ಅಷ್ಟರಲ್ಲಿ ಅವರ ಮಗ ಹೊರಗೆ ಬಂದ. ಎಂ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದವನೆಂದು ಮೇಷ್ಟರು ಕ್ಲಾಸಿನಲ್ಲಿ ಹೊಗಳುತ್ತಿದ್ದ ಮಗ.

"ನಿಮ್ಮ ಕಂಪನೀಲಿ ಇನ್ನೊಬ್ಬರು ಬೇಕಾ, ಸಾರ್?" ಎಂದು ನನ್ನನ್ನು ಕೇಳಿದ.

ಮೇಷ್ಟರು ನೆಲ ನೋಡುತ್ತಾ ನಿಂತರು. "ವಿಚಾರಿಸ್ತೀನಿ" ಎಂದೆ. ಪಕ್ಕದ ಮನೆಯ ಬಾಗಿಲು ತಟ್ಟಲು ಮನಸ್ಸು ಬರಲಿಲ್ಲ. ನನ್ನ ಡಿಗ್ರಿ ಮುಗಿಯಲು ಇನ್ನು ಮೂರೇ ತಿಂಗಳಿತ್ತು.