ಹ್ಯಾಂಡಲ್ ಗೇರಿನ ಫಿಯಟ್ ಘಾಟ್ ಹತ್ತಿತು

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಂಬೈಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಚಹಾದಂಗಡಿಯವನು ಆಗಷ್ಟೇ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಾನೆ. ಹಾಜಿಮಲಂಗರು ಮಾತ್ರ ಆಗಲೇ ಷೆಡ್ಡಿನ ಶಟರ್ ಎತ್ತಿ, ಕೆನೆಬಣ್ಣದ ಹಳೇ ಫಿಯಟ್ ಕಾರಿನಡಿ ಗೋಣಿಚೀಲ ಹಾಸಿ ಅಂಗಾತ ಮಲಗಿದ್ದಾರೆ. ಹಿಂದಿನ ಎರಡೂ ಗಾಲಿಗಳು ಜ್ಯಾಕಿನ ಮೇಲೆ ನೆಲ ಬಿಟ್ಟಿವೆ. ಗಾಲಿಗೊಂದು ಸೀಮೆಸುಣ್ಣದ ಗೆರೆ, ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದನೆಯ ಶಾಫ್ಟಿಗೊಂದು ಗೆರೆ. ಶಾಫ್ಟನ್ನು ಕೈಯಿಂದ ತಿರುಗಿಸುತ್ತಾ, ಗಾಲಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಬಂತೆಂದು ಬಾಯಲ್ಲೇ ಎಣಿಸುತ್ತಾರೆ. ನಿನ್ನೆಯೂ ಎಣಿಸಿದ್ದರು, ಮೊನ್ನೆಯೂ ಎಣಿಸಿದ್ದರು. ಚಕ್ರದ ಹಲ್ಲು ರಾತ್ರೋರಾತ್ರಿ ಉದುರುವುದಿಲ್ಲವೆಂದು ಅವರಿಗೂ ಗೊತ್ತು. ಆದರೆ ಇವತ್ತು ಈ ಗಾಡಿ ಖಂಡಾಲದ ಹಳೇ ಘಾಟ್ ಹತ್ತಬೇಕು.

“ಕಣ್ಣ ಮುಚ್ಚಿದ್ರ ಘಾಟಿನ ತಿರುವಽ ಕಾಣತಾವ್ರಿ,” ಎಂದು ಕಾರಿನಡಿಯಿಂದಲೇ ಹೇಳುತ್ತಾರೆ. “ಗಾಡಿ ಹತ್ತಿದ್ರ ನಾ ಮಿಸ್ತ್ರಿ. ಹತ್ತಲಿಲ್ಲಂದ್ರ ನಾಳಿಂದ ಮತ್ತ ಪರೇಲ್‌ದಾಗ ನಿಂತು ಸೀಟಿ ಊದೂದು.”

ಈ ಸೀಟಿಯ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಹಾಜಿಮಲಂಗರು ಮೂಲತಃ ಸಿಂದಗಿ ಕಡೆಯವರು. ಮಗು ಉಳಿಯಲೆಂದು ತಾಯಿ ಮುಂಬೈ ಬಳಿಯ ಕಲ್ಯಾಣದ ಬೆಟ್ಟದ ಹಾಜಿಮಲಂಗ ಪೀರನಿಗೆ ಹರಕೆ ಹೊತ್ತಿದ್ದರಿಂದ ಈ ಹೆಸರು. “ಹಜ್ ಯಾತ್ರೆಗೆ ಹೋಗಿಲ್ಲ, ಏನಿಲ್ಲ, ಹುಟ್ಟಿದ ದಿನಾನಽ ಹಾಜಿ ಆಗಿಬಿಟ್ಟೆ!” ಎಂದು ನಗುತ್ತಾರೆ. ಮೀಸೆ ಮೂಡುವ ವಯಸ್ಸಿನಲ್ಲಿ ಸೋದರಮಾವನ ಬೆನ್ನು ಹತ್ತಿ ವಡಾಲಕ್ಕೆ ಬಂದು, ಕಪ್ಪು-ಹಳದಿ ಟ್ಯಾಕ್ಸಿಗಳ ಗೇರ್ ಬಾಕ್ಸ್ ಬಿಚ್ಚಲು ಕಲಿತರು. ಆಗಿನ ಫಿಯಟ್ ಟ್ಯಾಕ್ಸಿಗಳಿಗೆ ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲೇ ಇರುತ್ತಿತ್ತು. ಅದಕ್ಕೇ ಅದು ಹ್ಯಾಂಡಲ್ ಗೇರ್. ಅದು ಸಿಕ್ಕಿಕೊಂಡರೆ ಡ್ರೈವರುಗಳು ದಾದರಿನಿಂದಲೂ ಸಯಾನಿನಿಂದಲೂ ತಳ್ಳಿಕೊಂಡೇ ವಡಾಲಕ್ಕೆ ಬರುತ್ತಿದ್ದರು, ‘ಗೇರ್‌ವಾಲಾ ಹಾಜಿ’ಯನ್ನು ಹುಡುಕಿಕೊಂಡು.

ಆಮೇಲೆ ಆ ಟ್ಯಾಕ್ಸಿಗಳು ರಸ್ತೆಯಿಂದಲೇ ಮಾಯವಾದವು. ಹೊಸ ಗಾಡಿಗಳು ಕಂಪನಿಯ ಸರ್ವಿಸ್ ಸ್ಟೇಷನ್ನಿಗೆ ಹೋದವು. ಸ್ಪ್ಯಾನರ್ ಹಿಡಿದ ಕೈಗೆ ಕೆಲಸವಿಲ್ಲ. ಹೊಟ್ಟೆ ಕೇಳಬೇಕಲ್ಲ? ಪರೇಲ್‌ನಲ್ಲಿ ಹಿಂದೆ ಗಿರಣಿ ಇದ್ದ ಜಾಗದಲ್ಲಿ ಎದ್ದುನಿಂತ ಗಾಜಿನ ಕಟ್ಟಡವೊಂದಕ್ಕೆ ವಾಚ್‌ಮನ್ ಆದರು. ನೀಲಿ ಅಂಗಿ, ಕೊರಳಿಗೆ ಸೀಟಿ. ಕಾರು ಬಂದರೆ ಅಡ್ಡಗಂಬ ಎತ್ತುವುದು, ಹೋದ ಮೇಲೆ ಇಳಿಸುವುದು. ಒಳಗೆ ಹೋಗುವ ಪ್ರತಿ ಗಾಡಿಯ ಸದ್ದಿಗೂ ಅವರ ಕಿವಿ ನಿಮಿರುತ್ತಿತ್ತು, ಕೈ ಮಾತ್ರ ಕಂಬದ ಮೇಲೆ. “ಊರ ಮಂದಿ ಮದವಿ ಊಟಾ ನೋಡಕೋತ ಬಾಗಲದಾಗ ನಿಂತಂಗ ಇತ್ರಿ,” ಎನ್ನುವಾಗ ಅವರ ದನಿ ತಗ್ಗುತ್ತದೆ.

ಒಂದು ದಿನ ಆ ಗೇಟಿಗೆ ಹಳೇ ಕಾರೊಂದು ಬಂತು. ಅಡ್ಡಗಂಬ ಎತ್ತುತ್ತಲೇ ಹಾಜಿಮಲಂಗರ ಬಾಯಿ ತಡೆಯಲಿಲ್ಲ. “ಸಾಹೇಬ್, ಗೇರ್ ಬಾಕ್ಸಿನಾಗ ಬೇರಿಂಗ್ ಅಳಾಕತ್ತೈತಿ, ನೋಡ್ರಿ,” ಎಂದುಬಿಟ್ಟರು. ಕಾರಿನಲ್ಲಿದ್ದವರು ದೇವಾನಂದ. ಹಳೇ ಕಾರುಗಳನ್ನು ಹೊಸದು ಮಾಡುವ ಕಾಂದಿವಲಿಯ ಷೆಡ್ಡಿನ ಮಾಲೀಕರು. ಅಜ್ಜ ಕಲಬುರಗಿಯವರು, ಇವರು ಹುಟ್ಟಿ ಬೆಳೆದದ್ದೆಲ್ಲ ಮುಂಬೈಯಲ್ಲೇ. ಅವರು ಗಾಡಿ ಅಲ್ಲೇ ನಿಲ್ಲಿಸಿ, ಹಿಂದಿನವರು ಹಾರ್ನ್ ಬಾರಿಸಿದರೂ ಬಿಡದೆ, ವಾಚ್‌ಮನ್ ಚಾಚಾನ ಜತೆ ಮಾತಿಗಿಳಿದರು.

ದೇವಾನಂದರ ಷೆಡ್ಡಿನಲ್ಲಿ ಆಗ ಈ ಫಿಯಟ್ ನಿಂತಿತ್ತು. ಪ್ರಫುಲ್ಲಾ ಅವರದು. ಉಡುಪಿ ಕಡೆಯವರು, ಪರೇಲಿನ ಆಸ್ಪತ್ರೆಯೊಂದರಲ್ಲಿ ಹೆಡ್ ಸಿಸ್ಟರ್ ಆಗಿ ನಿವೃತ್ತರಾದವರು. ಜೀವನಪೂರ್ತಿ ಓಡಿಸಿದ ಗಾಡಿಯ ಎಂಜಿನ್ ಸವೆದು ಹೋಗಿತ್ತು. ಪುಣೆಯಲ್ಲಿರುವ ತಂಗಿಯ ಮನೆಗೆ ತಾವೇ ಓಡಿಸಿಕೊಂಡು ಹೋಗಬೇಕೆಂಬುದು ಅವರ ಹಟ. ಎಂಜಿನ್ ಬದಲಿಸಲು ಆರ್‌ಟಿಒ ಕಚೇರಿಯ ಪರವಾನಗಿ ಪಡೆದು, ದೇವಾನಂದರು ಅಪಘಾತವಾದ ವ್ಯಾನೊಂದರ ಗಟ್ಟಿಮುಟ್ಟಾದ ಎಂಜಿನ್ ತಂದಿಟ್ಟಿದ್ದರು. ತಕರಾರು ಇದ್ದದ್ದು ಗೇರಿನದು. ವ್ಯಾನಿನ ಐದು ಗೇರಿನ ಬಾಕ್ಸನ್ನೇ ಕೂರಿಸಿದರೆ ಕೆಲಸ ಸಲೀಸು. ಆದರೆ ನೆಲ ಕೊಯ್ದು, ನಡುವೆ ಗೇರಿನ ಕೋಲು ನಿಲ್ಲಿಸಬೇಕು.

“ನೆಲಕ್ಕೆ ಕೈ ಹಚ್ಚಿದರೆ ಗಾಡಿ ನೀವೇ ಇಟ್ಕೊಳ್ಳಿ ಮಾರಾಯ್ರೆ,” ಎಂದರು ಪ್ರಫುಲ್ಲಾ. “ಹ್ಯಾಂಡಲ್ ಗೇರ್ ಹೋದ ಮೇಲೆ ಅದು ನನ್ನ ಗಾಡಿ ಹೇಗೆ ಆಗ್ತದೆ?”

ಹಾಜಿಮಲಂಗರು ಹಳೆಯ ನಾಲ್ಕು ಗೇರಿನ ಬಾಕ್ಸನ್ನೇ ಹೊಸ ಎಂಜಿನ್ನಿಗೆ ಜೋಡಿಸುತ್ತೇನೆಂದರು. ದೇವಾನಂದರಿಗೆ ಧೈರ್ಯ ಸಾಲದು. “ಚಾಚಾ, ರಿಸ್ಕ್ ಯಾಕೆ? ಒಂದು ಚಾನ್ಸ್ ಕೊಡ್ತೀನಿ. ಘಾಟ್ ಹತ್ತಿದ್ರೆ ಷೆಡ್ಡಲ್ಲಿ ಗೇರ್ ಬಾಕ್ಸ್ ಕೆಲಸದ ಬೆಂಚು ನಿಮ್ದು, ಪಕ್ಕಾ ನೌಕರಿ. ಇಲ್ಲಾಂದ್ರೆ ಪುಣೆಯಿಂದ ಮಿಸ್ತ್ರಿ ಕರೆಸ್ತೀನಿ, ಪ್ರಫುಲ್ಲಾಬಾಯಿಯನ್ನ ಕೈ ಕಾಲು ಹಿಡಿದು ಒಪ್ಪಿಸ್ತೀನಿ.” ವಾಚ್‌ಮನ್ ಕೆಲಸಕ್ಕೆ ರಜೆ ಹಾಕಿ ಹಾಜಿಮಲಂಗರು ಕಾಂದಿವಲಿಗೆ ಬಂದದ್ದು ಹೀಗೆ.

ಬೆಳಿಗ್ಗೆ ವಡಾಲದಲ್ಲಿ ಹಾರ್ಬರ್ ಲೋಕಲ್, ಗೋರೆಗಾಂವಿನಲ್ಲಿ ಬದಲಿ ಗಾಡಿ, ಹೆಗಲಿಗೆ ಟಿಫಿನ್ ಚೀಲ. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಕೂರುವ ದಪ್ಪನೆಯ ಅಲ್ಯೂಮಿನಿಯಂ ತಟ್ಟೆಯನ್ನು ಲೇತಿನಲ್ಲಿ ಕೊರೆಸಿದರು. ಬಾಕ್ಸಿನ ಸವೆದ ಹಲ್ಲುಗಳನ್ನೆಲ್ಲ ಬದಲಿಸಿದರು. ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದಂತೆ ಕೂತವು. ಅದೇ ಹುರುಪಿನಲ್ಲಿ ಹಿಂದಿನ ಡಿಫರೆನ್ಶಿಯಲ್‌ಗೂ ಕೈ ಹಾಕಿದರು. ಎಂಜಿನ್ನಿನ ತಿರುಗಾಟವನ್ನು ಗಾಲಿಗಳಿಗೆ ಹಂಚುವ ಹಲ್ಲುಚಕ್ರಗಳ ಗೂಡು ಅದು. ಶಾಫ್ಟ್ ಹೆಚ್ಚು ಸುತ್ತಿದಾಗ ಗಾಲಿ ಒಂದು ಸುತ್ತು ಬಂದರೆ ಗಾಡಿಗೆ ಎಳೆಯುವ ಬಲ ಹೆಚ್ಚು, ಓಟ ಕಡಿಮೆ. ಶಾಫ್ಟಿನ ಸುತ್ತು ಕಡಿಮೆಯಾದರೆ ಓಟ ಹೆಚ್ಚು, ಎಳೆತ ಕಡಿಮೆ. ಹಾಜಿಮಲಂಗರು ಹಿಂದೆಮುಂದೆ ನೋಡದೆ, ತಾವು ಜೋಪಾನವಾಗಿ ತೆಗೆದಿಟ್ಟಿದ್ದ ಜಬರದಸ್ತ್ ಎಳೆತದ ಹಲ್ಲುಚಕ್ರದ ಜೋಡಿಯನ್ನೇ ಕೂರಿಸಿದರು.

ಹೈವೇಗೆ ಒಯ್ದರು. ಅಯ್ಯೋ, ಏನೆಂದು ಹೇಳುವುದು! ವೇಗ ಅರವತ್ತು ದಾಟುವ ಮೊದಲೇ ಎಂಜಿನ್ ಗಂಟಲು ಹರಿಯುವಂತೆ ಅರಚಿತು. ಹಾಕಲು ಮೇಲಿನ ಗೇರೇ ಉಳಿದಿಲ್ಲ. “ಚಾಚಾ, ಇದು ಓಡುವುದಿಲ್ಲ, ಬೊಬ್ಬೆ ಹೊಡೀತದೆ,” ಎಂದು ಪ್ರಫುಲ್ಲಾ ಬದಿಗೆ ನಿಲ್ಲಿಸಿದರು. ದೇವಾನಂದರು ಫೋನಿನಲ್ಲಿ ಪುಣೆಯ ಮಿಸ್ತ್ರಿಯ ನಂಬರ್ ಹುಡುಕತೊಡಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಎಂಜಿನ್ನಿನ ಮೇಲೆ ಗೂಬೆ ಕೂರಿಸಬಹುದಿತ್ತು. ಹಾಜಿಮಲಂಗರು ಹಾಗೆ ಮಾಡಲಿಲ್ಲ. “ತಪ್ಪ ನಂದಽ ಐತಿ. ಏನ ತಪ್ಪಂತ ಗೊತ್ತಾಗವಲ್ದು. ಮುಂದಿನ ಆಯಿತವಾರ ತನಕ ತಡೀರಿ,” ಎಂದು ಬೇಡಿಕೊಂಡರು. ಮನೆಗೆ ಬಂದಾಗ ಮುಖ ಬಾಡಿತ್ತು.

ತಪ್ಪು ಹಿಡಿದದ್ದು ಹೆಂಡತಿ ರಹೀಮಾ. ರೊಟ್ಟಿ ಬಡಿಯುತ್ತಾ ಗಂಡನ ಗೋಳನ್ನೆಲ್ಲ ಕೇಳಿಸಿಕೊಂಡವರು ಫಕ್ಕನೆ ನಕ್ಕರಂತೆ. “ಅಜಿ, ನೀವು ಇನ್ನೂ ಟ್ಯಾಕ್ಸಿನಽ ಕಟ್ಟಾಕತ್ತೀರಿ! ಆ ಬಾಯಾರು ಏನ ಐದ ಮಂದಿ ಪ್ಯಾಸೆಂಜರ್ ತುಂಬಕೊಂಡು, ತೆಲಿ ಮ್ಯಾಲ ಟ್ರಂಕ್ ಹೇರಕೊಂಡು ಪರೇಲ್ ಬ್ರಿಜ್ ಹತ್ತತಾರೇನು? ಒಬ್ಬಾಕಿ ಹೆಣ್ಣಮಗಳು, ಒಂದ ಚೀಲ!”

ಹಾಜಿಮಲಂಗರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಹೌದಲ್ಲ! ವಡಾಲದ ಟ್ಯಾಕ್ಸಿ ಮಿಸ್ತ್ರಿಗಳ ಕೈಗೆ ಅಂಟಿದ ಚಾಳಿ ಅದು. ತುಂಬಿದ ಗಾಡಿ, ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ಊರು, ಆದ್ದರಿಂದ ಎಲ್ಲಕ್ಕೂ ಎಳೆತದ ಜೋಡಿ. ಹೊಸ ಎಂಜಿನ್ನಿಗೇ ಬೇಕಾದಷ್ಟು ಎಳೆತವಿದೆ. ಬೇಕಿರುವುದು ಓಟದ ಜೋಡಿ. ಹಿಂದೆ ಡೀಸೆಲ್ ಎಂಜಿನ್ನಿನ ಫಿಯಟ್‌ಗಳೂ ಬಂದಿದ್ದವು. ನಿಧಾನ ತಿರುಗುವ ಎಂಜಿನ್ನಿಗೆಂದೇ ಅವುಗಳ ಡಿಫರೆನ್ಶಿಯಲ್ಲಿನಲ್ಲಿ ಶಾಫ್ಟಿನ ಸುತ್ತು ಕಡಿಮೆ. ಕುರ್ಲಾದ ಗುಜರಿಯಲ್ಲಿ ಮಣ್ಣು ಮೆತ್ತಿ ಬಿದ್ದಿದ್ದ ಅಂಥದೊಂದು ಜೋಡಿಯನ್ನು ಹುಡುಕಿ ತೆಗೆದರು. ಸೀಮೆಎಣ್ಣೆಯಲ್ಲಿ ತೊಳೆದು, ತಾಕುವ ಗುರುತು ಕಾಣಲೆಂದು ಹಲ್ಲುಗಳಿಗೆ ನೀಲಿ ಬಣ್ಣ ಸವರಿ ತಿರುಗಿಸಿ, ಹಲ್ಲು ಹಲ್ಲನ್ನು ಸರಿಯಾಗಿ ಕಚ್ಚುವ ತನಕ ಬಿಚ್ಚಿದರು, ಕೂರಿಸಿದರು, ಮತ್ತೆ ಬಿಚ್ಚಿದರು. ಉಳಿದದ್ದು ಒಂದೇ ಅಂಜಿಕೆ. ಓಟಕ್ಕೆಂದು ಎಳೆತ ಬಿಟ್ಟುಕೊಟ್ಟಾಗಿದೆ. ಘಾಟಿನಲ್ಲಿ ನಿಂತ ಗಾಡಿ ಮೇಲೇಳದಿದ್ದರೆ?

ಅದಕ್ಕೇ ಈ ಭಾನುವಾರ. ಸ್ಟೀರಿಂಗಿನಲ್ಲಿ ಪ್ರಫುಲ್ಲಾ, ಪಕ್ಕದಲ್ಲಿ ದೇವಾನಂದ. ಹಿಂದಿನ ಸೀಟಿನ ಮೆತ್ತೆ ತೆಗೆದಿಟ್ಟು ಬರಿಯ ತಗಡಿನ ಮೇಲೆ ಹಾಜಿಮಲಂಗರು. ಗಾಡಿ ಕಟ್ಟಿದವನು ಮೊದಲ ಓಟದಲ್ಲಿ ಡಿಫರೆನ್ಶಿಯಲ್ಲಿನ ಮೇಲೆಯೇ ಕೂರಬೇಕು, ಕಿವಿ ತಗಡಿಗೆ ಹಚ್ಚಬೇಕು. ಇದು ವಡಾಲದ ರಿವಾಜು. ಪನವೇಲ್ ದಾಟಿದ ಮೇಲೆ ಪ್ರಫುಲ್ಲಾ ಎಂಬತ್ತಕ್ಕೆ ಏರಿಸುತ್ತಾರೆ. ಅರಚಾಟವಿಲ್ಲ. ಅವರು ಹಾಡು ಗುನುಗಲು ಶುರುಮಾಡಿದ್ದು ನೋಡಿ ದೇವಾನಂದರ ಹೆಗಲು ಸಡಿಲಾಗುತ್ತದೆ. ಹಿಂದೆ ಕೂತವರದು ಸಡಿಲಾಗುವುದಿಲ್ಲ.

ಖೋಪೋಲಿ ದಾಟಿ ಘಾಟ್ ಶುರುವಾಗುತ್ತದೆ. ಡ್ರೈವರುಗಳು ಕೈಮುಗಿಯುವ ಶಿಂಗ್ರೋಬಾ ಗುಡಿಗೆ ಎಲ್ಲರೂ ಕೈಯೆತ್ತುತ್ತಾರೆ. ಮೂರನೇ ಗೇರು, ಎರಡನೇ ಗೇರು. ಅಷ್ಟರಲ್ಲಿ ಕಡಿದಾದ ತಿರುವಿನಲ್ಲೇ ಮುಂದಿನ ಸಿಮೆಂಟ್ ಲಾರಿ ಉಸಿರುಗಟ್ಟಿ ನಿಂತುಬಿಡುತ್ತದೆ. ಬೇಡ ಬೇಡವೆಂದರೂ ಫಿಯಟ್ ಕೂಡ ನಿಲ್ಲಬೇಕಾಗುತ್ತದೆ. ಹಿಂದೆ ಬಸ್ಸು. ಹಾಜಿಮಲಂಗರು ಬಗ್ಗಿ ತಗಡಿಗೆ ಕಿವಿ ಹಚ್ಚುತ್ತಾರೆ. ಲಾರಿ ಬುಸುಗುಟ್ಟಿ ತೆವಳುತ್ತದೆ.

“ಬಿಸ್ಮಿಲ್ಲಾ ಅನ್ರಿ ಬಾಯಾರ, ಫಸ್ಟ್ ಹಾಕ್ರಿ,” ಎನ್ನುತ್ತಾರೆ. ಪ್ರಫುಲ್ಲಾ ಹ್ಯಾಂಡಲ್ ಎಳೆದು ಗೇರು ಹಾಕಿ, ಕ್ಲಚ್ಚಿನಿಂದ ಕಾಲನ್ನು ಕೂದಲೆಳೆಯಷ್ಟು ಎತ್ತಿ, ಹ್ಯಾಂಡ್‌ಬ್ರೇಕ್ ಬಿಡುತ್ತಾರೆ. ತಗಡಿನಡಿ ಒಂದು ನಡುಕ. ಕಟಕಟ ಇಲ್ಲ, ಕ್ಲಚ್ ಸುಟ್ಟ ವಾಸನೆಯಿಲ್ಲ. ಗಾಡಿ ಒಂದಂಗುಲವೂ ಹಿಂದೆ ಸರಿಯದೆ ಮುಂದಕ್ಕೆ ಹೆಜ್ಜೆಯಿಡುತ್ತದೆ, ಲಾರಿಯನ್ನು ಬಳಸಿ, ತಿರುವು ತಿರುಗಿ, ಸಲೀಸಾಗಿ ಎರಡನೇ ಗೇರಿಗೆ ಬರುತ್ತದೆ.

“ಹತ್ತಿತ್ರೀ! ಹತ್ತಿತು!” ಹಾಜಿಮಲಂಗರು ತಗಡಿಗೆ ಎರಡೂ ಕೈಯಿಂದ ಬಡಿಯುತ್ತಾರೆ, ಕಣ್ಣಲ್ಲಿ ನೀರು. “ಶಾಬ್ಬಾಸ್ ಚಾಚಾ!” ಎಂದು ದೇವಾನಂದರು ಹಿಂದಕ್ಕೆ ತಿರುಗಿ ಗ್ರೀಸಿನ ಕೈಯನ್ನೇ ಹಿಡಿದು ಕುಲುಕುತ್ತಾರೆ. ಖಂಡಾಲದಲ್ಲಿ ಇಳಿದು ರಹೀಮಾಗೆ ಫೋನ್ ಮಾಡಿದರೆ ಆಕೆ, “ಹತ್ತದಽ ಏನ ಮಾಡತಿತ್ತು? ಹೇಳಿಕೊಟ್ಟಾಕಿ ಯಾರು?” ಎನ್ನುತ್ತಾರೆ. ಪ್ರಫುಲ್ಲಾ ಅಲ್ಲಿ ನಿಲ್ಲಲೂ ಒಪ್ಪುವುದಿಲ್ಲ, ತಂಗಿ ಪುಣೆಯಲ್ಲಿ ಅಡುಗೆ ಮಾಡಿ ಕಾಯುತ್ತಿದ್ದಾಳೆಂದು ಇಬ್ಬರನ್ನೂ ಗಾಡಿಗೆ ಹತ್ತಿಸುತ್ತಾರೆ.

ಸೋಮವಾರ ಬೆಳಿಗ್ಗೆ ಹಾಜಿಮಲಂಗರು ಪರೇಲ್‌ಗೆ ಹೋಗುತ್ತಾರೆ. ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ನೀಲಿ ಅಂಗಿ, ಅದರ ಮೇಲೆ ಸೀಟಿ. ಸೂಪರ್‌ವೈಸರ್ ಕಾಶಿನಾಥ ಬೀದರಿನವರು, ಒಳ್ಳೆಯ ಮನುಷ್ಯ. ಅಂಗಿಯನ್ನು ಕೈಗೆ ತೆಗೆದುಕೊಳ್ಳಲೂ ಮನಸ್ಸಿಲ್ಲ ಅವರಿಗೆ.

“ಯಾಕ್ ಬಿಡ್ಲಾಕತ್ತೀರಿ ಚಾಚಾ? ಈ ವಯಸ್ಸಿನ್ಯಾಗ ಕುರ್ಚಿ ಮ್ಯಾಲಿನ ಕೆಲಸ ಬಿಟ್ಟು ಎಲ್ಲಿಗಿ ಹೊಂಟೀರಿ?”

ಹಾಜಿಮಲಂಗರು ಅಂಗಿಯನ್ನು ಅವರ ಮೇಜಿನ ಮೇಲಿಟ್ಟು, ಮೇಲೆ ಸೀಟಿ ಸರಿಯಾಗಿ ಕೂರಿಸುತ್ತಾರೆ.

“ಇನ್ನ ಮ್ಯಾಲ ಗಾಡಿ ಬಂದ್ರ ನಾ ಗೇಟ್ ತಗಿಯಾಂವ ಅಲ್ರಿ, ಸಾಹೇಬ್. ಗೇರ್ ಬಾಕ್ಸ್ ತಗಿಯಾಂವ.”