ಆರ್ಡಿತ್ ಬೋನಿಗೆ ಬಿದ್ದ ಗಂಟು

ಬೆಳಗಿನ ನಾಲ್ಕೂವರೆ. ಆರ್ಡಿತ್ ಪಿಂಕಮ್ ದೋಣಿ ನಿಲ್ಲಿಸಿ, ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ತಮ್ಮ ಬೋನಿನ ಗುರುತಿಗೆ ನೀರಿನ ಮೇಲೆ ತೇಲುವ ಹಳದಿ ಬುರುಡೆಯನ್ನು ಕೊಕ್ಕೆಯಿಂದ ಎಳೆದುಕೊಳ್ಳುತ್ತಾರೆ. ಬುರುಡೆಯ ಕೋಲಿಗೆ ಯಾರೋ ಹಗ್ಗವನ್ನು ಎರಡು ಸುತ್ತು ಬಿಗಿದಿದ್ದಾರೆ. ನಮ್ಮ ಕಡೆ ಇದು ಎಚ್ಚರಿಕೆ: ಜಾಗ ಬಿಡು, ಮುಂದಿನ ಸಲ ಬೋನಿನ ಹಗ್ಗವನ್ನೇ ಕತ್ತರಿಸುತ್ತೇವೆ. ಈ ವಾರ ಇದು ಮೂರನೆಯದು.

ಕೆನಡಾದವರದೇ ಕೆಲಸ ಎನ್ನುತ್ತೇನೆ, ಅವರ ಬಗ್ಗೆ ಬರೆಯಲೆಂದು ದೋಣಿ ಹತ್ತಿರುವ ನಾನು. ಅಮೆರಿಕದ ಈ ಮೇಯ್ನ್ ತೀರದಲ್ಲಿ ಹುಟ್ಟಿದವರಿಗೆ ಆ ಅನುಮಾನ ತಾಯಿಯ ಹಾಲಿನ ಜೊತೆಗೇ ಬಂದಿರುತ್ತದೆ. ಆರ್ಡಿತ್ ಬೇರೆ ಬುರುಡೆ ಕಟ್ಟಿ, ಗಂಟಿರುವುದನ್ನು ಬಕೆಟ್ಟಿಗೆ ಹಾಕುತ್ತಾರೆ.

ತಗಾದೆ ೧೭೮೩ರದು. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧವನ್ನು ಮುಗಿಸಿದ ಪ್ಯಾರಿಸ್ ಒಪ್ಪಂದದಲ್ಲಿ, ತೀರದ ದ್ವೀಪಗಳು ಅಮೆರಿಕಕ್ಕೆ ಎಂದು ಬರೆದವರೇ, ಮೊದಲಿನಿಂದ ನೋವಾ ಸ್ಕೋಷಿಯಾಕ್ಕೆ, ಅಂದರೆ ಈಗಿನ ಕೆನಡಾದ ಕಡೆಗೆ, ಸೇರಿದವನ್ನು ಬಿಟ್ಟು ಎಂದೂ ಸೇರಿಸಿದರು. ಹಾಗಾಗಿ ಇಲ್ಲಿಯ ಮಚಾಯಸ್ ಸೀಲ್ ದ್ವೀಪ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಅದರ ಸುತ್ತಲ ನೀರಿನಲ್ಲಿ ಎರಡೂ ದೇಶದವರು ಬೋನು ಬಿಡುತ್ತಾರೆ; ಆರ್ಡಿತ್ ಜಾಗವೂ ಅಲ್ಲೇ. ಸಹಿ ಹಾಕಿದ ಮಹನೀಯರಲ್ಲಿ ಒಬ್ಬನಾದರೂ ಇಲ್ಲಿಯ ಮಂಜಿನಲ್ಲಿ ದೋಣಿ ನಡೆಸಿದ್ದನೇ ಎಂಬುದು ನನ್ನ ಅನುಮಾನ.

ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅರವತ್ತೊಂದರ ಆರ್ಡಿತ್ ಒಬ್ಬರೇ ದಿನಕ್ಕೆ ನೂರಿಪ್ಪತ್ತು ಬೋನು ಎತ್ತಿ, ಎರೆಗೆ ಉಪ್ಪುಮೀನು ತುಂಬಿ, ಮತ್ತೆ ಬಿಡುತ್ತಾರೆ. ಮೊಣಕೈಗೆ ಎರಡು ಶಸ್ತ್ರಚಿಕಿತ್ಸೆ ಆಗಿದೆ. "ಈ ಜಾಗ ಹೋದ್ರೆ ದಡದ ಬಂಡೆ ಪಕ್ಕ ಬೋನು ಬಿಡ್ಬೇಕು. ಅಲ್ಲಿ ಸಿಗೋದು ಬರೀ ಏಡಿ," ಎನ್ನುತ್ತಾರೆ.

ಮಧ್ಯಾಹ್ನ ದೋಣಿ ಕಟ್ಟುವ ಧಕ್ಕೆಯಲ್ಲಿ ಐದು ದೋಣಿಯವರು ಸೇರಿದ್ದಾರೆ. ನಾಳೆ ಹೋಗಿ ಕೆನಡಾದವರ ಹಗ್ಗ ಕತ್ತರಿಸುವುದೆಂದು ತೀರ್ಮಾನವಾಗಿದೆ. ಎಲ್ಲರಿಗಿಂತ ಜೋರು ದನಿ ಆರ್ಡಿತ್ ಅವರ ಮೈದುನ ಮರ್ಟನ್‌ನದು. ಕತ್ತರಿಸಿದರೆ ಅವರೂ ಸುಮ್ಮನಿರುವುದಿಲ್ಲ. ಮೊದಲು ಕಳೆದುಹೋಗುವುದು ಅಷ್ಟು ದೂರದಲ್ಲಿರುವ ಆರ್ಡಿತ್ ಬೋನುಗಳೇ.

ಆರ್ಡಿತ್ ಮೂರು ಬುರುಡೆಗಳನ್ನೂ ಪೀಪಾಯಿಯ ಮೇಲಿಡುತ್ತಾರೆ. ಮೂರರಲ್ಲೂ ಹಗ್ಗವನ್ನು ಎಡಗೈಯವರು ಸುತ್ತುವಂತೆ ಎಡಕ್ಕೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಲಾಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮರ್ಟನ್ ಎಡಗೈಯನ್ನು ಜೇಬಿಗೆ ಇಳಿಸುತ್ತಾನೆ.

"ನಾನು ನಿಮ್ಮನೆಗೆ ಸೊಸೆಯಾಗಿ ಬಂದಾಗ ನಿಂಗೆ ಹತ್ತು ವರ್ಷ," ಎನ್ನುತ್ತಾರೆ ಆರ್ಡಿತ್. "ತುದಿ ಹಿಂಗೆ ಸಿಕ್ಸೋದು ಕಲಿಸಿದ್ದು ನಾನೇ ಅಲ್ವೇನೋ?"

"ಈ ವಯಸ್ಸಲ್ಲಿ ನೀವೊಬ್ರೇ ಅಷ್ಟು ದೂರ ಹೋಗ್ಬಾರ್ದು ಅಂತ ಮಾಡ್ದೆ, ಅತ್ತಿಗೆ," ಎಂದು ಅವನು ಗೊಣಗುತ್ತಾನೆ. ಅದೂ ಪೂರ್ತಿ ನಿಜವಲ್ಲ. ಆ ಜಾಗದ ಮೇಲೆ ಅವನ ಕಣ್ಣಿರುವುದು ಎಲ್ಲರಿಗೂ ಗೊತ್ತು. ಕತ್ತರಿಸುವ ಮಾತು ಅಲ್ಲಿಗೇ ನಿಲ್ಲುತ್ತದೆ.

ಮರುದಿನ ಆರ್ಡಿತ್ ದೋಣಿಯಲ್ಲಿ ಬೋನಿಗೆ ಮೀನು ತುಂಬುತ್ತಿರುವವನು ಮರ್ಟನ್. ಕರೆದದ್ದು ಅವರೇ. ಅವನನ್ನು ಹೇಗೆ ನಂಬಿದಿರಿ ಎಂದು ಕೇಳುತ್ತೇನೆ.

"ನಂಬಿದ್ದು ಯಾರು? ಕಣ್ಣೆದುರಿಗೆ ಬಿದ್ದಿರ್ಲಿ ಅಂತ ಕರೆದೆ," ಎನ್ನುತ್ತಾರೆ ಆರ್ಡಿತ್. "ನನ್ನ ಹೆಸರಲ್ಲಿ ಆಚೆಯವರ ಒಂದು ಹಗ್ಗಾನೂ ತುಂಡಾಗ್ಲಿಲ್ಲ. ಬರೆಯೋದಾದ್ರೆ ಅಷ್ಟು ಬರಿ."