ಅನ್ನ ಬೇಯುವಷ್ಟು ಹೊತ್ತಿನ ಅಗುಳಿ

ಅವರ ಹುಬ್ಬಿನ ಮೇಲೆ ಸದಾ ಮರದ ಪುಡಿ ಕೂತಿರುತ್ತಿತ್ತು. ಮುಖ ತೊಳೆದರೂ ಹೋಗುತ್ತಿರಲಿಲ್ಲ. ಹುಬ್ಬಿನ ತನಕ ನೀರು ಮುಟ್ಟಿಸುವಷ್ಟು ಪುರಸೊತ್ತೇ ಅವರಿಗಿರಲಿಲ್ಲ ಎನ್ನುವುದು ಹೆಚ್ಚು ಸರಿ. ಬಲಗೈಯ ಮೂರು ಬೆರಳ ತುದಿ ಮಾತ್ರ ಕಂದು. ಅದು ಮರದ ಬಣ್ಣವಲ್ಲ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ವರ್ಷಗಟ್ಟಲೆ ತಂತಿ ಸುತ್ತಿ ವಾರ್ನಿಷ್ ಹಚ್ಚಿದ್ದರ ಗುರುತು.

ನಮ್ಮದು ನ್ಯಾಮತಿಯ ಬಸ್ ನಿಲ್ದಾಣದ ಹಿಂದಿನ ಬೀದಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಬ್ಲೌಸ್ ಹೊಲಿಯುವವಳು. ಹೊನ್ನಾಳಿಯ ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದೆ. ಅಮ್ಮ ತೀರಿಕೊಂಡ ಮೇಲೆ ಒಬ್ಬಳೇ ಉಳಿದೆ. ಯಾಕೆ ಬಂದೆ, ಯಾವಾಗ ಹೋಗ್ತೀಯ ಎಂದು ಕೇಳುವವರಿಗೆ ಹೆದರಿ ಬೀದಿಗೆ ಇಳಿಯುವುದನ್ನೇ ಬಿಟ್ಟಿದ್ದೆ. ಬಟ್ಟೆ ಬಾಗಿಲಿಗೆ ಬರುತ್ತಿತ್ತು, ತರಕಾರಿ ಗಾಡಿ ಬಾಗಿಲಿಗೆ ಬರುತ್ತಿತ್ತು, ದಾರದ ಉಂಡೆಯನ್ನು ಯಾರ ಕೈಯಲ್ಲಾದರೂ ತರಿಸುತ್ತಿದ್ದೆ. ನೋಡಿದವರು ಸಂಭಾವಿತ ಹೆಂಗಸು ಅನ್ನುತ್ತಿದ್ದರು. ನಾನು ಶುದ್ಧ ಅಂಜುಬುರುಕಿ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಗೋಡೆಯಾಚೆ ಅವರು, ಅವರ ಅಕ್ಕ, ಇಬ್ಬರೇ. ಅವರನ್ನು ನಾನು ಅಣ್ಣಾರೆ ಎಂದು ಕರೆಯುತ್ತಿದ್ದೆ, ಅಕ್ಕನನ್ನು ದೊಡ್ಡಕ್ಕ. ದೊಡ್ಡಕ್ಕನನ್ನು ಜಗಳೂರು ಕಡೆಗೆ ಕೊಟ್ಟಿದ್ದರಂತೆ. ಗಂಡ ಬೇಗ ಹೋದ. ತಿರುಗಿ ಬಂದವಳು ತಾಯಿಯಿಲ್ಲದ ತಮ್ಮನನ್ನು ಸಾಕಿದಳು. ಅವರು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟ ಮೇಲೆ ಅಂಗಡಿಯ ಒಳಗೇ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದಳು. ಸುಟ್ಟ ಸುರುಳಿಯನ್ನು ಬಿಚ್ಚುವಾಗ ಎಷ್ಟು ಸುತ್ತು ಇತ್ತೆಂದು ಎಣಿಸಬೇಕು, ಹೊಸ ತಂತಿಯನ್ನೂ ಅಷ್ಟೇ ಸುತ್ತು ಸುತ್ತಬೇಕು. ಎಣಿಸುವುದು ಅಕ್ಕನ ಕೆಲಸ, ಸುತ್ತುವುದು ತಮ್ಮನ ಕೆಲಸ. ರಸ್ತೆಯಲ್ಲಿ ಹೋಗುವವರಿಗೂ ಅವಳ ಎಣಿಕೆ ಕೇಳುತ್ತಿತ್ತಂತೆ. ಮೋಟಾರು ತಂದ ರೈತರು ಬೈದುಕೊಂಡರೆ ಅಣ್ಣಾರು ಹೇಳುತ್ತಿದ್ದ ಮಾತೊಂದಿತ್ತು: "ಸುಟ್ಟಿದ್ದನ್ನ ಬೈಬಾರ್ದು ಗೌಡ್ರೆ. ಯಾಕೆ ಸುಡ್ತು ಅಂತ ಕೇಳ್ಬೇಕು."

ಆಮೇಲೆ ದೊಡ್ಡಕ್ಕನಿಗೆ ಮರೆವು ಶುರುವಾಯಿತು. ಮೊದಲು ಸಾರಿಗೆ ಉಪ್ಪು ಹಾಕಿದ್ದು ಮರೆತಳು, ಆಮೇಲೆ ಸಾರು ಮಾಡಿದ್ದನ್ನೇ ಮರೆತಳು, ಆಮೇಲೆ ಗಂಡ ಸತ್ತದ್ದನ್ನು ಮರೆತಳು. "ಮನೀಗೆ ಹೋಗ್ಬೇಕು, ಅವ್ರು ಕಾಯ್ತಿರ್ತಾರೆ" ಎಂದು ಹೊರಟುಬಿಡುತ್ತಿದ್ದಳು. ನಿಲ್ದಾಣ ಹತ್ತಿರವಿದ್ದದ್ದೇ ಮುಳುವಾಯಿತು. ಕಣ್ಣಿಗೆ ಬಿದ್ದ ಬಸ್ಸು ಹತ್ತುವುದು, ಜಗಳೂರು ಅನ್ನುವುದು. ಒಮ್ಮೆ ಚನ್ನಗಿರಿಯ ನಿಲ್ದಾಣದಲ್ಲಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕೂತಿದ್ದವಳನ್ನು ಪರಿಚಯದವರು ನೋಡಿ ಫೋನು ಮಾಡಿದರು. ಮರುದಿನವೇ ಅಣ್ಣಾರು ಅಂಗಡಿಗೆ ಬಾಗಿಲೆಳೆದು ಮನೆಯಲ್ಲಿ ಕೂತರು.

ಮನೆಗೆ ಬೀಗ ಹಾಕಿ ನೋಡಿದರು. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ದೊಡ್ಡಕ್ಕ ಎರಡೂ ಅಂಗೈಯಿಂದ ಬಾಗಿಲು ಬಡಿಯುತ್ತಿದ್ದಳು. "ನಾನೇನು ಕಳ್ಳಿ ಏನಲೇ? ಯಾಕಲೇ ನನ್ನ ಕೂಡಿ ಹಾಕೀಯ?" ಗೋಡೆಯ ಈಚೆ ನಾನು ಹೊಲಿಗೆ ಮಿಷನ್ನನ್ನು ಬೇಕೆಂದೇ ಜೋರಾಗಿ ತುಳಿಯುತ್ತಿದ್ದೆ. ನಾಲ್ಕನೇ ದಿನ ಬಡಿತ ನಿಂತಿತು. ಅಂಗೈ ಒಡೆದು ರಕ್ತ ಬಂದಿತ್ತು. ಅಣ್ಣಾರು ಬೀಗವನ್ನು ತೆಗೆದು ಹಿತ್ತಲಿಗೆ ಎಸೆದಿದ್ದರು.

ಕೆಲವು ತಿಂಗಳ ನಂತರ ಗೋಡೆಯೊಳಗಿಂದ ಬೇರೊಂದು ಸದ್ದು ಬರಲು ಶುರುವಾಯಿತು. ಹಲ್ಲಿನ ಡಾಕ್ಟರು ಇಡೀ ಬೀದಿಯ ಹಲ್ಲು ಒಟ್ಟಿಗೇ ಕೊರೆದ ಹಾಗೆ. ಗೋಡೆ ಅದುರಿ ನನ್ನ ಗುಂಡಿಯ ಡಬ್ಬಿ ಶೆಲ್ಫಿನಿಂದ ಬಿತ್ತು. ಜಗಳಕ್ಕೆಂದೇ ಹೊರಟೆ. ನನ್ನ ಹೊಸ್ತಿಲಿನಿಂದ ಅವರ ಹೊಸ್ತಿಲಿಗೆ ಹನ್ನೆರಡು ಹೆಜ್ಜೆ. ಆ ತಿಂಗಳಲ್ಲಿ ನಾನು ಹೋದ ಅತಿ ದೂರದ ಪ್ರಯಾಣ ಅದೇ ಇರಬೇಕು.

ನಡುಮನೆಯಲ್ಲಿ ಯಂತ್ರವೊಂದಿತ್ತು. ಗುಜರಿಯಿಂದ ತರಿಸಿದ ಹಳೇ ಪ್ರಿಂಟರುಗಳ ಮೋಟಾರು, ಕತ್ತರಿಸಿದ ಕಬ್ಬಿಣದ ಮಂಚದ ಚೌಕಟ್ಟು, ಡ್ರಾಯರ್ ಜಾರುವ ಪಟ್ಟಿಗಳು, ಮೇಲೆ ಗಿರಗಿರ ತಿರುಗುವ ಕೊರೆಯುವ ಮೊನೆ. ಹಳೇ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಟ್ಟರೆ ಯಂತ್ರ ತಾನೇ ಅತ್ತಿತ್ತ ಓಡಿ ಹಲಗೆಯನ್ನು ಹಾಗೇ ಕೊರೆಯುತ್ತದೆ. ಸಿಎನ್‌ಸಿ ಅಂತಾರೆ ಎಂದರು. ಎಲ್ಲಿ ಕಲಿತಿರಿ ಅಂದರೆ ಫೋನು ತೋರಿಸಿದರು. ಅಕ್ಕನನ್ನು ಕಾಯುತ್ತ ಕೂತಲ್ಲೇ ವಿಡಿಯೊ ನೋಡಿ, ಭಾಷೆ ತಿಳಿಯದಿದ್ದರೂ ಕೈ ನೋಡಿ ಕಲಿತಿದ್ದರು. ಆ ದಿನ ಅದು ಕೊರೆದದ್ದು ಅವರ ಪ್ರಕಾರ ಒಂದು ಗುಂಡು ಚಕ್ರ. ನನ್ನ ಕಣ್ಣಿಗೆ ಕೋಳಿಮೊಟ್ಟೆ.

"ಬೆಲ್ಟು ಸಡ್ಲ ಐತೆ" ಎಂದರು, ಬೆಲ್ಟಿನ ಪರವಾಗಿ ತಾವೇ ನಾಚಿಕೊಂಡು.

"ಏನ್ ಮಾಡಾಕೆ ಇದೆಲ್ಲ ಅಣ್ಣಾರೆ?"

"ಚಿಲಕ ಮಾಡಾಕೆ. ಬೀಗ ಹಾಕಿದ್ರೆ ಅಕ್ಕ ಬಾಗ್ಲು ಬಡೀತಾಳೆ. ಕೈಗೊಂದು ಕೆಲ್ಸ ಕೊಟ್ರೆ ಬಡಿಯಲ್ಲ. ತೆಗೀತಾ ಕೂರ್ತಾಳೆ. ಅಷ್ಟೊತ್ತಿಗೆ ನಂದೊಂದು ಸ್ನಾನ ಆದ್ರೆ ಸಾಕು ತಂಗೆಮ್ಮ."

ಜಗಳ ಮಾಡಲು ಹೋದವಳು ಸದ್ದು ಮಾಡುವ ಹೊತ್ತನ್ನು ಗೊತ್ತು ಮಾಡಿಕೊಂಡು, ಕಾಫಿ ಕುಡಿದು ಬಂದೆ.

ಬೆಲ್ಟು ಬಿಗಿಯಾಯಿತು, ಮೊಟ್ಟೆ ಗುಂಡಗಾಯಿತು, ಒಂದೊಂದೇ ಅಗುಳಿ ಬಾಗಿಲಿಗೆ ಏರತೊಡಗಿತು. ಅಗುಳಿಯ ಹೊಟ್ಟೆಯಲ್ಲಿ ಮರದ ಹಲ್ಲುಚಕ್ರ, ಮನೆಯೊಳಗಿನ ಮಗ್ಗುಲಿಗೆ ಒಂದು ಹಿಡಿ. ಬಲಕ್ಕೆ ಇಷ್ಟು ಸುತ್ತು, ಎಡಕ್ಕೆ ಇಷ್ಟು ಸುತ್ತು ತಿರುಗಿಸಿದರೆ ಅಗುಳಿ ಸರಿಯುತ್ತದೆ. ಎಣಿಕೆ ತಪ್ಪಿದರೆ ಮೊದಲಿನಿಂದ. ಗಂಡನ ಸಾವನ್ನೇ ಮರೆತ ದೊಡ್ಡಕ್ಕನ ಬೆರಳುಗಳು ಎಣಿಕೆ ಮರೆತಿರಲಿಲ್ಲ. ತುಟಿ ಅಲ್ಲಾಡಿಸುತ್ತ ತಿರುಗಿಸುತ್ತಿದ್ದಳು. ಒಂದು ಅಗುಳಿಗೆ ಅವರು ಸ್ನಾನದ್ದು ಅನ್ನುತ್ತಿದ್ದರು, ಇನ್ನೊಂದಕ್ಕೆ ಅನ್ನದ್ದು. ಅನ್ನದ್ದು ಎಂದರೆ ಒಲೆಯ ಮೇಲೆ ಅನ್ನ ಬೇಯುವ ತನಕ ಅಕ್ಕನನ್ನು ತಡೆಯುವಂಥದ್ದು. ಹೊಸದಾದರೆ ಮೊದಲು ನನ್ನನ್ನು ಕರೆದು "ತೆಗೀರಿ ನೋಡಾಣ" ಅನ್ನುತ್ತಿದ್ದರು. ನಾನು ಬೆವರಿಳಿಸಿಕೊಂಡು ಸೋಲುತ್ತಿದ್ದೆ. ದೊಡ್ಡಕ್ಕ ಪಕ್ಕದಲ್ಲಿ ನಿಂತು, "ಈ ಹುಡುಗಿಗೆ ಎಣಿಸಾಕೇ ಬರಲ್ಲ, ಇಸ್ಕೂಲಿಗೆ ಕಳಿಸಿಲ್ಲ ಏನು?" ಎಂದು ತಮ್ಮನನ್ನು ಕೇಳುತ್ತಿದ್ದಳು.

ದೊಡ್ಡಕ್ಕ ತೆಗೆದಾಗ ಅವರಿಗೆ ಆತಂಕವೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. "ಮೂರೇ ದಿನಕ್ಕೆ ಹಿಡಿದ್ಲು ನೋಡ್ರಿ" ಎಂದು ನನಗೆ ಹೇಳಿ, ಮುಂದಿನದನ್ನು ಇನ್ನೂ ಕಷ್ಟ ಮಾಡಲು ಕೂರುತ್ತಿದ್ದರು. ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಹೆಸರು ಏನೇ ಇಡಲಿ, ಕೂಡಿ ಹಾಕುವುದು ಕೂಡಿ ಹಾಕುವುದೇ. ಆದರೆ ಆ ಬಾಗಿಲ ಹಿಂದೆ ಅವರೂ ಇದ್ದರು. ಅವರು ಹೊರಗೆ ಕಾಲಿಟ್ಟು ಎಷ್ಟು ಕಾಲವಾಗಿತ್ತೋ.

ಬೇಸಿಗೆಯಲ್ಲಿ ಮಾವಿನ ಹಲಗೆಯಿಂದ ಒಂದು ಅಗುಳಿ ಮಾಡಿದರು. ಕೂದಲು ತೂರಿಸಲೂ ಜಾಗವಿಲ್ಲದ ಹಾಗೆ ಬಿಗಿಯಾಗಿ ಕೂರಿಸಿ, ಕಬ್ಬಿಣದಲ್ಲೂ ಇಷ್ಟು ಸರಿಯಾಗಿ ಬರುವುದಿಲ್ಲ ಎಂದು ಬೀಗಿದರು. ಮಳೆ ಹಿಡಿಯಿತು. ಮೂರು ದಿನ ಬಿಡದೆ ಸುರಿದ ಮೇಲೆ ಒಂದು ಬೆಳಿಗ್ಗೆ ಗೋಡೆಯ ಮೇಲೆ ಗುದ್ದು ಕೇಳಿತು. ಅವರ ಕಿಟಕಿಯ ಹತ್ತಿರ ಹೋದೆ. ದೊಡ್ಡಕ್ಕನಿಗೆ ಜ್ವರ ಏರಿ ಮೈ ಸುಡುತ್ತಿದೆ, ಆಸ್ಪತ್ರೆಗೆ ಹೋಗಲು ಆಟೊ ಕರೆಸಿದ್ದಾರೆ, ಆಟೊ ಬಾಗಿಲಲ್ಲಿದೆ, ಬಾಗಿಲು ತೆರೆಯುತ್ತಿಲ್ಲ. ಮರ ಉಬ್ಬಿ ಚಕ್ರ ಕಚ್ಚಿಕೊಂಡಿತ್ತು. ಇದ್ದದ್ದು ಅದೊಂದೇ ಬಾಗಿಲು. ಹಿತ್ತಲಿನ ಬಾಗಿಲನ್ನು ದೊಡ್ಡಕ್ಕನ ಭಯಕ್ಕೆ ಎಂದೋ ಇಟ್ಟಿಗೆಯಲ್ಲಿ ಮುಚ್ಚಿಸಿದ್ದರು.

ಆಟೊದವನು ಹಾರೆ ತಂದು ಬಾಗಿಲಿಗೆ ಹಾಕಿದ. ಮೊದಲ ಏಟಿಗೇ ದೊಡ್ಡಕ್ಕ, ಯಾರೋ ಹೊಡೆಯಲು ಬಂದರೆಂದು ಚೀರಿ ಮೂಲೆ ಸೇರಿದಳು. ಎರಡನೇ ಏಟಿಗೆ ಅವಳು ತಲೆಯನ್ನು ಗೋಡೆಗೆ ಜಜ್ಜಿಕೊಳ್ಳತೊಡಗಿದಾಗ ಅಣ್ಣಾರು "ಬ್ಯಾಡ್ರಿ, ನಿಲ್ಸ್ರಿ" ಎಂದು ಕೂಗಿದರು. ಹಾರೆ ನಿಂತಿತು. ಅವರು ಬಂದು ಕಿಟಕಿಯ ಸರಳು ಹಿಡಿದುಕೊಂಡರು.

"ಮೋಟಾರಿನ ಲೆಕ್ಕ ಮರಕ್ಕೆ ಹಾಕ್ದೆ ತಂಗೆಮ್ಮ. ಕಬ್ಬಿಣ ಉಬ್ಬಲ್ಲ, ಮರ ಉಬ್ತೈತೆ. ಅಷ್ಟೂ ತಿಳೀಲಿಲ್ಲ ನಂಗೆ."

ಮೂಲೆಯಲ್ಲಿದ್ದ ಅಕ್ಕನ ಕಡೆ ತಿರುಗಿ ನೋಡಿ ಹೇಳಿದರು: "ಇಷ್ಟು ದಿನ ಅಕ್ಕಂಗೆ ಹೆಂಗಾಗ್ತಿತ್ತು ಅಂತ ಇವತ್ತು ಗೊತ್ತಾತು."

ನನಗೆ ಆಗ ಹೊಳೆದದ್ದು ನನ್ನ ಮೇಜಿನ ಡ್ರಾಯರ್. ಪ್ರತಿ ಮಳೆಗಾಲ ಅದು ಉಬ್ಬಿ ಕಚ್ಚಿಕೊಳ್ಳುತ್ತದೆ, ಪ್ರತಿ ಸಲ ನಾನು ಇಸ್ತ್ರಿಪೆಟ್ಟಿಗೆ ಕಾಯಿಸಿ ಅದರ ಮೇಲೆ ಒತ್ತುತ್ತೇನೆ. ಓಡಿಹೋಗಿ ಇಸ್ತ್ರಿಪೆಟ್ಟಿಗೆ ತಂದು ಸರಳುಗಳ ನಡುವೆ ಓರೆ ಮಾಡಿ ತೂರಿಸಿದೆ. ಹಳೇ ಪಂಚೆಯ ತುಂಡು ಇಟ್ಟು ಒತ್ತಿ, ತೆಗೀರಿ, ಮತ್ತೆ ಒತ್ತಿ ಎಂದು ಹೊರಗಿನಿಂದ ಹೇಳುತ್ತಿದ್ದೆ. ಮರದಿಂದ ಆವಿ ಎದ್ದಿತು. ಬಟ್ಟೆ ಸೋಪು ಉಜ್ಜಿ ಎಂದೆ. ಅರ್ಧ ಗಂಟೆಯಾದ ಮೇಲೆ ಚಕ್ರ ಒಂದು ಹಲ್ಲು ಸರಿಯಿತು. ಅಣ್ಣಾರು ತಿರುಗಿಸಿದರು, ಅಳುವಿನಲ್ಲಿ ಎಣಿಕೆ ತಪ್ಪಿತು. ಆಗ ಮೂಲೆಯಿಂದ ಜ್ವರದ ದನಿಯಲ್ಲಿ ದೊಡ್ಡಕ್ಕ ಎಣಿಸತೊಡಗಿದಳು. ಒಂದು, ಎರಡು, ಮೂರು. ಅಂಗಡಿಯಲ್ಲಿ ಎಣಿಸುತ್ತಿದ್ದ ಹಾಗೇ. ಬಾಗಿಲು ತೆರೆಯಿತು.

ಜ್ವರ ಎರಡು ದಿನಕ್ಕೆ ಇಳಿಯಿತು. ಆಸ್ಪತ್ರೆಯಿಂದ ಬಂದವರು ಮೊದಲು ಮಾಡಿದ ಕೆಲಸವೆಂದರೆ ಆ ಅಗುಳಿಯನ್ನು ಒಲೆಗೆ ಹಾಕಿ ನೀರು ಕಾಯಿಸಿದ್ದು. "ಮರಕ್ಕೂ ಉಸಿರಾಡಾಕೆ ಒಂದೆಳೆ ಜಾಗ ಬಿಡ್ಬೇಕು" ಎಂದರು. ಹೊಸದಾಗಿ ಮಾಡಿದ್ದು ನಾಲ್ಕೇ ಸುತ್ತಿನದು. ಅದನ್ನು ತೆಗೆದರೆ ದೊಡ್ಡಕ್ಕ ಹೋಗಬಹುದು, ತಡೆಯುವವರಿಲ್ಲ. ಹತ್ತು ಹೆಜ್ಜೆ ಹಿಂದೆ ಅವರೂ ಹೋಗುತ್ತಿದ್ದರು. ನಿಲ್ದಾಣದ ತನಕ ಹೋಗಿ, ಜಗಳೂರು ಬಸ್ಸು ಇವತ್ತಿಲ್ಲವಂತೆ ಎಂದು ಯಾರ ಬಾಯಲ್ಲಾದರೂ ಹೇಳಿಸಿ, ಇಬ್ಬರೂ ತಿರುಗಿ ಬರುತ್ತಿದ್ದರು. ದಿನಾ ನಾಲ್ಕು ಗಂಟೆಗೆ.

ಒಂದು ದಿನ ಅವರು ಸಾಮಾನು ತರಲು ಹೊನ್ನಾಳಿಗೆ ಹೋಗಬೇಕಿತ್ತು. "ಇವತ್ತೊಂದಿನ ನೀವು ಅಕ್ಕನ ಹಿಂದೆ ಹೋಗ್ರಿ" ಎಂದರು. ಆಗುವುದಿಲ್ಲ ಎಂದೆ. ಜನ ಕೇಳುತ್ತಾರೆ ಎಂದೆ. ಅವರು ನನ್ನ ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿದರು.

"ನಿಮ್ಮ ಬಾಗ್ಲಿಗೆ ನಾನೇನೂ ಚಿಲಕ ಮಾಡಿಕೊಟ್ಟಿಲ್ವಲ್ಲ ತಂಗೆಮ್ಮ" ಎಂದು ಹೊರಟುಹೋದರು.

ಬಹಳ ಕೋಪ ಬಂತು. ಆ ಕೋಪದಲ್ಲೇ ನಾಲ್ಕು ಗಂಟೆಗೆ ದೊಡ್ಡಕ್ಕನ ಹಿಂದೆ ಬೀದಿಗೆ ಇಳಿದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕಿರಾಣಿ ಅಂಗಡಿಯವನು, ಬ್ಲೌಸ್ ಹೊಲಿಯೋ ಅಕ್ಕಾರು ನೀವೇ ಏನ್ರಿ, ನಮ್ಮ ಮನೆಯವರದ್ದು ಎರಡು ಪೀಸ್ ಅವೆ ಎಂದ. ಇಷ್ಟಕ್ಕೆ ನಾನು ವರ್ಷಗಟ್ಟಲೆ ಒಳಗೆ ಕೂತಿದ್ದೆ.

ಆಮೇಲಿನ ವರ್ಷ ದೊಡ್ಡಕ್ಕನ ಬೆರಳೂ ಮರೆಯತೊಡಗಿತು. ನಾಲ್ಕು ಸುತ್ತು ತಿರುಗಿಸಲು ಮಧ್ಯಾಹ್ನವೆಲ್ಲ ಹಿಡಿಯುತ್ತಿತ್ತು. ಅಣ್ಣಾರು ಮೂರು ಸುತ್ತಿನದು ಮಾಡಿದರು, ಮಳೆಗಾಲ ಕಳೆಯುವುದರೊಳಗೆ ಎರಡರದು. ಅಕ್ಕ ಹೊರಗೆ ಹೋಗಬಾರದೆಂದು ಶುರು ಮಾಡಿದ ಯಂತ್ರದಲ್ಲಿ ಈಗ ಅಕ್ಕ ಹೊರಗೆ ಬರಲಿ ಎಂದು ಕೊರೆಯುತ್ತಿದ್ದರು. ಅಗುಳಿಯೇ ಬೇಡ, ಬಾಗಿಲು ತೆರೆದಿಡಿ ಎಂದೆ. "ತೆರೆದಿಟ್ರೆ ಅವ್ಳು ನೋಡೋದೇ ಇಲ್ಲ. ತೆಗೆದ್ರೇ ಅವ್ಳಿಗೆ ಅದು ಬಾಗ್ಲು" ಎಂದರು. ಪಕ್ಕದಲ್ಲಿ ನಿಂತು ಅವರೇ ಎಣಿಸುತ್ತಿದ್ದರು, ಅವಳು ತಿರುಗಿಸುತ್ತಿದ್ದಳು. ಕೊನೆಗೆ ಒಂದೇ ಸುತ್ತಿನದಕ್ಕೆ ಬಂತು. ಅವರು ಒಂದು ಎನ್ನುವ ತನಕ ದೊಡ್ಡಕ್ಕ ಹಿಡಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿರುತ್ತಿದ್ದಳು. ಎಣಿಸುವವರಿಲ್ಲದೆ ಅದನ್ನು ತೆಗೆಯುವುದು ಅವಳಿಂದ ಆಗುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ನಾನು ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಗೋಡೆಯಾಚೆ ಯಂತ್ರ ಓಡುತ್ತಿತ್ತು. ನನ್ನ ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತಿದೆ. ದೊಡ್ಡಕ್ಕ ನಿಂತಿದ್ದಳು, ಒಬ್ಬಳೇ. ಹಿಂದೆ ಯಾರೂ ಇರಲಿಲ್ಲ.

"ತಮ್ಮ ಎಣಿಸ್ತಿಲ್ಲ" ಎಂದಳು. "ನಾನೇ ಒಂದು ಅಂದ್ಕೊಂಡು ತೆಗ್ದೆ. ಬಾ ನೋಡು, ಎಣಿಸ್ತಾನೇ ಇಲ್ಲ."

ಅಣ್ಣಾರು ಯಂತ್ರದ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದರು, ಹುಬ್ಬಿನ ಮೇಲೆ ಪುಡಿ ಹಾಗೇ ಇತ್ತು. ನಾನು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಕೊರೆಯುವುದನ್ನು ಪೂರ್ತಿ ಮಾಡಿ, ತಾನು ಹೊರಟ ಮೂಲೆಗೆ ವಾಪಸು ಹೋಗಿ ನಿಂತಿತು. ಹಲಗೆಯ ಮೇಲಿದ್ದದ್ದು ಹೊಸ ಅಗುಳಿಯ ಹಿಡಿ. ಅಕ್ಕನ ಕೈಗೆ ಹಿಡಿತ ಸಿಗಲೆಂದು ಬೆರಳಿನ ಗುಳಿ ಕೊರೆದಿದ್ದರು.

ಜಗಳೂರು ಕಡೆಯ ನೆಂಟರು ಬಂದು ಕಾರ್ಯ ಮುಗಿಸಿದರು. ದೊಡ್ಡಕ್ಕನನ್ನು ಎಲ್ಲಿಗಾದರೂ ಸೇರಿಸುವ ಮಾತು ಬಂತು. ನಮ್ಮನೆಯಲ್ಲಿರಲಿ ಬಿಡಿ ಎಂದೆ. ಪುಣ್ಯದ ಕೆಲಸ ಅಂದರು. ಪುಣ್ಯವೂ ಅಲ್ಲ, ಏನೂ ಅಲ್ಲ. ಅವಳನ್ನು ನೋಡಿಕೊಳ್ಳುವುದು ಕಷ್ಟ. ನನಗೂ ಈಗ ಒಂದು ಸ್ನಾನದಷ್ಟು ಹೊತ್ತು ಸಿಗುವುದಿಲ್ಲ, ಕೆಲವು ದಿನ ಬಾಯಿಗೆ ಬಂದಂತೆ ಬೈದು ಆಮೇಲೆ ಅಳುತ್ತೇನೆ. ಆದರೆ ನನ್ನನ್ನು ಬೀದಿಗೆ ಇಳಿಸಿದವರ ಅಕ್ಕ ಅವಳು.

ಒಂದು ಸುತ್ತಿನ ಅಗುಳಿಯನ್ನು, ಗುಳಿಯಿರುವ ಹಿಡಿಯ ಸಮೇತ, ನನ್ನ ಬಾಗಿಲಿಗೆ ಹಾಕಿಸಿದ್ದೇನೆ. ನಾಲ್ಕು ಗಂಟೆಗೆ ದೊಡ್ಡಕ್ಕ ಎದ್ದು ಹೋಗಿ ಅದರ ಮೇಲೆ ಕೈಯಿಟ್ಟು, ಕತ್ತು ತಿರುಗಿಸಿ ನನ್ನನ್ನು ನೋಡುತ್ತಾಳೆ. ನಾನು ಮಿಷನ್ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು, "ಒಂದು" ಎನ್ನುತ್ತೇನೆ.